ಕಾಗದದ ಕೋಣೆಗೆ ಜೋಡಿ

ಹನ್ನೆರಡನೇ ತಾರೀಖು, ಬುಧವಾರ.

ನಮ್ಮ ಪ್ರೆಸ್ಸಿನ ಬೈಂಡಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿ ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಸುತ್ತುತ್ತಿದೆ.

"ಅಜ್ಜಿ, ಕಾಗದದ ಕೋಣೆಗೆ ಹೆಂಗಸರೆಲ್ಲ ಜೋಡಿಯಾಗೇ ಹೋಗ್ತೀರಲ್ಲ, ಒಳಗೇನು ಹುಲಿ ಇದ್ಯಾ?"

"ಇತ್ತು ಕಣೇ," ಅಂದೆ. ಹಳೇ ಮೇಸ್ತ್ರಿ ಒಂಟಿ ಹೆಂಗಸಿನ ಹಿಂದೆಯೇ ಒಳಗೆ ಬಂದು ಮೈಕೈ ಮುಟ್ಟುತ್ತಿದ್ದ. ನಾವು ದೂರು ಕೊಡಲಿಲ್ಲ, ಜೋಡಿ ಕಟ್ಟಿಕೊಂಡೆವು ಎಂದು ಅವಳಿಗೆ ಹೇಳಿದೆ.

"ಈಗೆಲ್ಲಿದಾನೆ?"

"ಕೆಲಸ ಬಿಟ್ಟುಹೋಗಿ ಆರು ವರ್ಷ ಆಯ್ತು."

ಅವಳು ನಕ್ಕಳು. ನಾನು ಪೆಚ್ಚಾದೆ. ಅವನ ಮುಖವನ್ನೇ ನೋಡದವರಿಗೂ ಈ ಪದ್ಧತಿ ಕಲಿಸಿದವಳು ನಾನೇ, ಕಾರಣ ಮಾತ್ರ ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ. ಒಬ್ಬನ ಕೆಟ್ಟ ಚಾಳಿಯಿಂದ ಹುಟ್ಟಿದ ಪದ್ಧತಿ ಇಷ್ಟು ಜನರಲ್ಲಿ ಹೇಗೆ ಬೇರುಬಿಟ್ಟಿತೋ!

ಜೋಡಿಯಿಲ್ಲದೆ ಹೋಗಿ ನೋಡೋಣವೆಂದು ಸಂಜೆ ಆ ಕೋಣೆಗೆ ಒಬ್ಬಳೇ ಹೊರಟೆ. ಬಾಗಿಲಲ್ಲಿ ಕಾಲು ನಿಂತುಬಿಟ್ಟಿತು. ಆ ಹುಡುಗಿಯನ್ನೇ ಕೂಗಿದೆ.

"ನಾನಿಲ್ಲೇ ಇರ್ತೀನಿ, ನೀವು ಹೋಗಿಬನ್ನಿ," ಅಂದಳು.

ಹೋದೆ. ಆ ಕೋಣೆಗೊಂದು ಕಿಟಕಿ ಇರುವುದು ಇವತ್ತೇ ಕಣ್ಣಿಗೆ ಬಿತ್ತು.