ರಸ್ತೆಗೆ ಬೆನ್ನು ಹಾಕಿದ ಹೊಲ

ಮೇ 5
ಭರಣಿ ಮಳೆ ಚೆನ್ನಾಗಿ ಬಂತು. ಅಂಗನವಾಡಿ ಮುಗಿಸಿ ಹೊಲಕ್ಕೆ ಹೋದೆ. ಬಿತ್ತನೆ ಆಯಿತು — ಈ ಸಲ ಸೂರ್ಯಕಾಂತಿ. ಊಟಿಗೆ ಹೋಗುವವರು ಬೇಗೂರು ಹೈವೇಯಲ್ಲಿ ಹೂವಿನ ಹೊಲ ಕಂಡರೆ ಕಾರು ನಿಲ್ಲಿಸಿ, ಫೋಟೊ ತೆಗೆದು ದುಡ್ಡು ಕೊಡುತ್ತಾರಂತೆ. ನಮ್ಮ ಯಜಮಾನರ ಐಡಿಯಾ. ರಸ್ತೆಯಾಚೆ ಮೈದುನ ಪುಟ್ಟಮಲ್ಲಪ್ಪನೂ ಅದನ್ನೇ ಬಿತ್ತಿದ. ಸ್ವಂತ ಬುದ್ಧಿ ಎಲ್ಲಿಂದ ಬರಬೇಕು!

ಯುಗಾದಿಗೆ ಹೊಲ ಭಾಗವಾಯಿತು. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು — ಪದ್ಧತಿ. ಅವನು ರಸ್ತೆಯ ಪಡುವಣದ್ದು ಆರಿಸಿದ. ಮೂಡಣದ್ದು ನಮಗೆ. ಖಾತೆ ನನ್ನ ಹೆಸರಿಗೆ.

ಜೂನ್ 19
ಮೃಗಶಿರೆ. ಮೊಗ್ಗು ಬಂದಿವೆ. ಬೆಳಗ್ಗೆ ಮೂಡಲಿಗೆ ಮುಖ, ಸಂಜೆ ಪಡುವಲಿಗೆ, ರಸ್ತೆ ಕಡೆಗೆ. "ಸಂಜೆ ಹೊತ್ಗೆ ಕಾರೆಲ್ಲ ನಮ್ ಕಡೇಕೆ ಕಣಮ್ಮಿ" ಅಂತ ಯಜಮಾನರು ಚಪ್ಪರವನ್ನೂ ಹಾಕಿಸಿದರು. ನೋಡುತ್ತ ನಿಂತುಬಿಟ್ಟೆ. ಮನೆಯಲ್ಲಿ ಹಾಲು ಉಕ್ಕಿ ಹೋಗಿತ್ತು. ಥೂ.

ಜುಲೈ 8
ಅರಳಿದವು. ಒಂದೂ ತಿರುಗಲಿಲ್ಲ! ಸಂಜೆಯಾದರೂ ಮೂಡಲಿಗೇ ಮುಖ. ಅರಳಿದ ಮೇಲೆ ತಿರುಗುವುದಿಲ್ಲವಂತೆ — ಈಗ ಹೇಳುತ್ತಾರೆ ಊರವರು. ಇಷ್ಟು ವರ್ಷ ಅರಿಶಿನ, ಸಣ್ಣ ಈರುಳ್ಳಿ ಬೆಳೆದ ನಮಗೆ ಏನು ಗೊತ್ತು? ರಸ್ತೆಗೆ ನಮ್ಮದು ಬರೀ ಬೆನ್ನು. ಆಚೆಯವರದು ರಸ್ತೆಗೇ ಮುಖ. ಕಾರೆಲ್ಲ ಅಲ್ಲೇ. ಓರಗಿತ್ತಿ ಮಂಗಳಗೌರಿ ಹೊಸ ಸೀರೆ ಉಟ್ಟು ನಿಂತಿದ್ದಾಳೆ, ಮದುವೆಮನೆಯವಳ ಹಾಗೆ. ಹೊಟ್ಟೆ ಉರಿಯಿತು. ಸುಳ್ಳೇಕೆ ಬರೆಯಲಿ.

"ಗೊತ್ತಿದ್ದೇ ಆ ಕಡೇದು ಆರಿಸ್ಕಂಡ್ರಲ್ಲ, ಕಳ್ರು!" ಕೂಗಿದೆ.

"ನಂಗೇನ್ ಗೊತ್ತಿತ್ತಕ್ಕಾ? ಓಗು, ಹೂವ್ನೇ ಕೇಳು!" ಅಂದಳು. ಕಾರಿನವರು ನಕ್ಕರು.

ಜುಲೈ 9
ಟೀ ಅಂಗಡಿ ಹಾಕಲು ಕೇರಳದವನೊಬ್ಬ ಜಾಗ ಕೇಳಿದ್ದಾನೆ. ಹತ್ತು ವರ್ಷಕ್ಕೆ ಲೀಸ್. ಈ ಬೆಳೆ ಕೊಯ್ದ ಮೇಲೆ ಕಾರು ನಿಲ್ಲಲು ಹೊಲಕ್ಕೆಲ್ಲ ಜಲ್ಲಿ ಸುರಿಸುತ್ತಾನಂತೆ. ಸುರಿಸಲಿ. ನಾನೇ ಹೂಂ ಅಂದೆ. ಭಾನುವಾರ ಸಹಿ.

ಜುಲೈ 11, ಬೆಳಗ್ಗೆ
ಹಸುವಿಗೆ ಹುಲ್ಲು ಕೊಯ್ಯಲು ಹೊಲದ ಮೂಡಲ ತುದಿಯ ಬದುವಿಗೆ ಹೋಗಿದ್ದೆ. ಬಗ್ಗಿ ಕೊಯ್ದು ತಲೆ ಎತ್ತಿದೆ... ಅಯ್ಯೋ ಶಿವನೇ. ಇಡೀ ಹೊಲ ನನ್ನನ್ನೇ ನೋಡುತ್ತಿದೆ. ಆಗಷ್ಟೇ ಬಿಸಿಲು ಬಿದ್ದಿತ್ತು. ಜೇನು ಗುಂಯ್ ಅನ್ನುತ್ತಿತ್ತು. ಅಳು ಯಾಕೆ ಬಂತೋ. ಕುಡುಗೋಲು ಹಿಡಿದೇ ಕೂತೆ. ಅಂಗನವಾಡಿಗೆ ಲೇಟು. ಯಾರಿಗೂ ಹೇಳಲ್ಲ.

ಜುಲೈ 12, ಭಾನುವಾರ
ಇವತ್ತೂ ಹೋದೆ. ಬದುವಿನ ಮೇಲೆ ಮಂಗಳಗೌರಿ!

"ನಮ್ ಹೊಲ್ದಲ್ಲಿ ನಿಂಗೇನ್ ಕೆಲ್ಸ?"

"ನಮ್ದೆಲ್ಲ ತುಳ್ದಾಕ್ಬುಟ್ರು ಕಣಕ್ಕಾ. ಹೂವೇ ಕಾಣಲ್ಲ, ಬರೀ ಜನ. ಒಂದ್ಗಳಿಗೆ ಕೂತ್ಕತೀನಿ, ಬುಡು."

"ಕೂತ್ಕ ಅಂತ ಕರ್ದೋರ್ ಯಾರು?"

ಕೂತೇಬಿಟ್ಟಳು. ಭಂಡಿ. ಓಡಿಸಬೇಕಿತ್ತು. ನಾನೂ ಕೂತೆ, ಒಂದು ಮಾರು ದೂರದಲ್ಲಿ. ಆಮೇಲೆ ಮೆಲ್ಲಗೆ, "ಇದ್ಕೆ ಜಲ್ಲಿ ಸುರಿಸ್ತೀಯಂತಲ್ಲಕ್ಕಾ?" ಅಂದಳು. ಬಾಯಿ ಮುಚ್ಚು ಅಂದೆ.

ಮಧ್ಯಾಹ್ನ
ಟೀ ಅಂಗಡಿಯವನು ಬಂದು ಹಜಾರದಲ್ಲಿ ಕೂತಿದ್ದಾನೆ. ನಾನು ಕೋಣೆ ಚಿಲಕ ಹಾಕಿಕೊಂಡಿದ್ದೇನೆ. ಯಜಮಾನರು ಬಾಗಿಲು ಬಡಿಯುತ್ತಿದ್ದಾರೆ — "ನೀನೇ ಹೂಂ ಅಂದ್ಬುಟ್ಟು ಈಗ ಇದೇನಮ್ಮಿ? ಮಾನ ಕಳೀಬ್ಯಾಡ, ಬಂದು ಸಹಿ ಹಾಕು!"

ಅಂದಿದ್ದು ನಾನೇ. ಹೌದು. ಈಗ ಏನಂತ ಹೇಳಲಿ — ಹೂವು ನನ್ನ ಕಡೆ ನೋಡಿದವು ಅಂತಲೇ? ಹುಚ್ಚು ಅನ್ನುತ್ತಾರೆ. ಅನ್ನಲಿ. ಚಿಲಕ ಅಲುಗಾಡುತ್ತಿದೆ. ತೆಗೆದು ಅದನ್ನೇ ಹೇಳುತ್ತೇನೆ, ಅವನ ಎದುರಿಗೇ —