ಏಳರ ನಂತರ ಒಂದು ತುತ್ತು

ಮಾರ್ಚ್ 3

ಸೆಲೆಕ್ಟ್ ಆದಳು, ನನ್ನ ಹೆಂಡತಿ ಟ್ರಯಲ್ಸ್‌ಗೆ ಸೆಲೆಕ್ಟ್ ಆದಳು! ಸಾವಿರದ ಐನೂರು ಮೀಟರ್. ಏಪ್ರಿಲ್ ಎರಡಕ್ಕೆ ಓಟ, ಮೊದಲ ಇಬ್ಬರಿಗೆ ರಾಜ್ಯದ ಟೀಮ್‌ನಲ್ಲಿ ಜಾಗ. ಮದುವೆಯಾಗಿ ನಲವತ್ತೊಂದೇ ದಿನ — ಓ ಗಾಡ್, ಎಂಥ ಅದೃಷ್ಟ ನನ್ನದು!

ಕೋಚ್ ಕೊಟ್ಟ ಚಾರ್ಟ್ ಫ್ರಿಜ್ ಮೇಲೆ ಅಂಟಿಸಿದೆ. ನಾಲ್ಕೂವರೆಗೆ ಬಾಳೆಹಣ್ಣು. ಐದಕ್ಕೆ ಓಟ. ಮುಗಿದ ಅರ್ಧ ಗಂಟೆಯೊಳಗೆ ಮೊಟ್ಟೆ, ಬ್ರೆಡ್. ಹನ್ನೆರಡೂವರೆಗೆ ಹೊಟ್ಟೆ ತುಂಬ ಅನ್ನ. ರಾತ್ರಿಯ ಊಟ ಏಳಕ್ಕೆ. ಆಮೇಲೆ ನೀರು ಮಾತ್ರ — ಇದರ ಕೆಳಗೆ ಕೆಂಪು ಗೆರೆ.

ಅಡುಗೆ ನನ್ನದು. ಅಲಾರಂ ನಾಲ್ಕಕ್ಕೆ.

ಮಾರ್ಚ್ 9

ನಿದ್ದೆ, ನಿದ್ದೆ… ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುತ್ತಲೇ ತೂಕಡಿಸಿದೆ.

"ಏನಯ್ಯಾ ಮದುಮಗ, ರಾತ್ರಿಯೆಲ್ಲಾ ಎಚ್ಚರಾನಾ?" ಎಂದರು ಯಜಮಾನರು.

"ಇಲ್ಲ ಸಾರ್, ಮೊಟ್ಟೆ ಬೇಯಿಸ್ತೀನಿ."

ಇಡೀ ಅಂಗಡಿ ನಕ್ಕಿತು.

ಮನೆ ಸೇರುವಾಗ ಒಂಬತ್ತು. ಅವಳ ಊಟ ಏಳಕ್ಕೇ ಆಗಿರುತ್ತದೆ. ಆದರೂ ನನ್ನ ತಟ್ಟೆಯ ಎದುರು ಬಂದು ಕೂರುತ್ತಾಳೆ. ಒಂದು ತುತ್ತು ಕಲಸಿ ಹಿಡಿದೆ.

"ರೀ, ಚಾರ್ಟು…"

"ಒಂದೇ ಒಂದು. ನನ್ನಾಣೆ."

ತಿಂದಳು. ಸೋ ಸ್ವೀಟ್!

ಮಾರ್ಚ್ 14

ಒಂದು ತುತ್ತು ಹತ್ತಾಗಿದೆ. ನಿಜ ಬರೆಯಬೇಕೆಂದರೆ, ಅರ್ಧ ತಟ್ಟೆ. ದಿನದಲ್ಲಿ ನಾವಿಬ್ಬರೂ ಮುಖ ನೋಡುವುದೇ ಆ ಇಪ್ಪತ್ತು ನಿಮಿಷ.

ಮಾರ್ಚ್ 19

ನಾಲ್ಕು ನಿಮಿಷ ನಲವತ್ತೊಂದು ಸೆಕೆಂಡಿಗೆ ಮುಗಿಸುತ್ತಿದ್ದವಳು ಈಗ ನಲವತ್ತೊಂಬತ್ತು. ಕೋಚ್ ಎರಡು ಸುತ್ತು ಹೆಚ್ಚಿಸಿದ್ದಾರೆ. ಬೆಳಗ್ಗೆ ಒಂದು ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಕೂತಲ್ಲೇ ನಿದ್ದೆ ಹೋಗಿದ್ದಳು.

ಪಾಪ, ಊಟ ಸಾಲುತ್ತಿಲ್ಲ. ಒಂಬತ್ತಕ್ಕೆ ಇನ್ನೂ ಎರಡು ತುತ್ತು ಜಾಸ್ತಿ ಕೊಟ್ಟೆ.

ಮಾರ್ಚ್ 22, ಭಾನುವಾರ

ರಜೆ. ಡಬ್ಬಿ ಹಿಡಿದು ಮೊದಲ ಸಲ ಮೈದಾನಕ್ಕೆ ಹೋದೆ. ಮೂರನೇ ಸುತ್ತಿನಲ್ಲಿ ಬೇಲಿ ಹಿಡಿದು ವಾಂತಿ ಮಾಡಿಕೊಂಡಳು.

"ರಾತ್ರಿ ಏನು ತಿಂದೆ?" ಕೋಚ್.

"ಏಳಕ್ಕೆ ಊಟ. ಅಷ್ಟೇ ಸಾರ್."

"ಸುಳ್ಳು ಹೇಳೋದಾದ್ರೆ ನಾಳೆಯಿಂದ ಬರಬೇಡಮ್ಮ."

ಅವಳು ನನ್ನತ್ತ ನೋಡಲೇ ಇಲ್ಲ. "ನಾನು ಸಾರ್… ಒಂಬತ್ತಕ್ಕೆ ನಾನೇ ತಿನ್ನಿಸ್ತೀನಿ."

ಕೋಚ್ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಪ್ರೀತೀನೂ ಏಳು ಗಂಟೆಯೊಳಗೆ ಮುಗಿಸ್ಕೋಪ್ಪ."

ದಾರಿಯಲ್ಲಿ ಕೇಳಿದೆ: "ಬೇಡ ಅನ್ನಬಾರದಿತ್ತಾ?"

"ಹೇಗನ್ನಲಿ ರೀ? ದಿನವಿಡೀ ನಿಂತು ಸೋತು ಬಂದಿರ್ತೀರಿ. ನಾನು ಬಾಯಿ ತೆರೆದ್ರೆ ಸಾಕು, ನಿಮ್ಮ ಮುಖ ಅರಳುತ್ತೆ."

ಮಾರ್ಚ್ 24

ಈಗ ಅಂಗಡಿಯ ಹಿಂದಿನ ಕೋಣೆಯಲ್ಲೇ ಉಂಡು ಬರುತ್ತೇನೆ. ಮನೆಯಲ್ಲಿ ತಟ್ಟೆ ಹಾಕುವುದಿಲ್ಲ. ನಾನು ಬಂದಾಗ ಅವಳು ಮಲಗಿರುತ್ತಾಳೆ. ನಾಲ್ಕಕ್ಕೆ ನಾನು ಎದ್ದಾಗಲೂ.

ಮಾರ್ಚ್ 29

ನಾಲ್ಕು ಮೂವತ್ತೊಂಬತ್ತು!! ನಾಳೆ ಕೋಚ್ ಜೊತೆ ಹೊರಡುತ್ತಾಳೆ. ಬ್ಯಾಗಿನಲ್ಲಿ ಬಟ್ಟೆಗಿಂತ ಬಾಳೆಹಣ್ಣೇ ಹೆಚ್ಚು.

ಏಪ್ರಿಲ್ 2, ಸಂಜೆ

ಫೋನ್ ಬಂತು. ಮೂರನೆಯವಳು.

ನಾಲ್ಕು ಮೂವತ್ತಾರು — ಅವಳ ಜೀವಮಾನದಲ್ಲೇ ಬೆಸ್ಟ್. ಆದರೆ ಮೂರನೆಯವಳು. ನಾನು ಸೂಪರ್, ಫ್ಯಾಂಟಾಸ್ಟಿಕ್ ಎಂದು ಬಡಬಡಿಸುತ್ತಲೇ ಇದ್ದೆ. ಆ ಹದಿಮೂರು ದಿನ ನಾನು ಕೆಡಿಸದೆ ಇದ್ದಿದ್ದರೆ… ಕೇಳಲು ಧೈರ್ಯ ಬರಲಿಲ್ಲ.

ಕೊನೆಗೆ ಅವಳೇ ಅಂದಳು: "ಸಾಕಾಗಿದೆ ರೀ. ಒಂದು ವಾರ ಚಾರ್ಟ್ ಇಲ್ಲ, ಕೋಚೇ ಹೇಳಿದಾರೆ. ನೀವು ಅಂಗಡೀಲಿ ಉಂಡು ಬರಬೇಡಿ."

ಚಾರ್ಟ್ ಬಿಚ್ಚಿ, ತಿರುಗಿಸಿ ಅಂಟಿಸಿದೆ. ಅದರ ಬೆನ್ನಿಗೆ ಒಂದೇ ಸಾಲು ಬರೆದೆ: ಶನಿವಾರ, ರಾತ್ರಿ ಎಂಟು ಐವತ್ತರ ಎಕ್ಸ್‌ಪ್ರೆಸ್‌ಗೆ ಬರುತ್ತಾಳೆ; ಊಟ ಒಂಬತ್ತೂವರೆಗೆ, ಇಬ್ಬರಿಗೂ ಒಂದೇ ತಟ್ಟೆ.