ದೊಡ್ಡವ್ವನ ಮಂಚಕ್ಕೆ ಹಾಕಿದ ಪುಡಿ

ಬಳ್ಳಾರಿ
೧೨-೪-೧೯೫೦

ಅವ್ವನಿಗೆ, ನಿನ್ನ ಮಗಳು ಪಕ್ಕೀರಮ್ಮ ಮಾಡುವ ಶರಣು.

ಈ ಕಾಗದ ದೊಡ್ಡವ್ವನ ವಿಷಯ. ಒಲೆಗೆ ಹಾಕುವ ಮೊದಲು ಓದು. ಅಪ್ಪ ತೀರಿಕೊಂಡಾಗ ನಿನ್ನ ಅಕ್ಕ ಬರಲಿಲ್ಲವೆಂದು ನೀನು ಅವಳ ಜೊತೆ ಮಾತು ಬಿಟ್ಟೆ. ಈಗ ಅವಳು, ನಾನು ಆಯಾ ಆಗಿರುವ ಈ ದಿಕ್ಕಿಲ್ಲದವರ ಮನೆಯಲ್ಲೇ ಇದ್ದಾಳೆ. ಕಣ್ಣು ಪೂರ್ತಿ ಹೋಗಿವೆ.

ಇಲ್ಲಿಯ ತಿಗಣೆ ಕಾಟ ಹೇಳಿ ತೀರದು. ಮಂಚಗಳನ್ನು ಬಿಸಿಲಿಗೆ ಹಾಕಿದೆವು, ಸಂದುಗಳಿಗೆ ಕುದಿಯುವ ನೀರು ಹೊಯ್ದೆವು. ಬಳ್ಳಾರಿ ಬಿಸಿಲಿಗೆ ಕಲ್ಲೇ ಸಿಡಿಯುತ್ತದೆ, ತಿಗಣೆ ಮಾತ್ರ ಜಗ್ಗಲಿಲ್ಲ. ದೊಡ್ಡವ್ವ ನಿದ್ದೆಗೆಟ್ಟು ಊಟವನ್ನೂ ಬಿಟ್ಟಳು. ಹೀಗೇ ಆದರೆ ಮುದುಕಿ ಉಳಿಯುವುದಿಲ್ಲ ಎಂದರು ಡಾಕ್ಟರು.

ಅವರೇ ಮದರಾಸಿನಿಂದ ಡಿ.ಡಿ.ಟಿ. ಎಂಬ ಬಿಳಿ ಪುಡಿ ತರಿಸಿದರು. ದೊಡ್ಡವ್ವ ಮಂಚ ಮುಟ್ಟಗೊಡಲಿಲ್ಲ. "ವಿಷ ಹಾಕಿ ಸಾಯಿಸಾಕ ಬಂದೀಯೇನಲೇ" ಎಂದು ಜವಾನ ದುರುಗಣ್ಣನ ಮೇಲೆ ಕೋಲೆತ್ತಿದಳು. ನಾನು ಹೇಗೋ ಒಪ್ಪಿಸಿದೆ. ಆದರೆ ಪುಡಿ ಉದುರಿಸುತ್ತಿದ್ದಂತೆ ಅವಳು ಅದರಲ್ಲಿ ಕೈಯಾಡಿಸಿ, ಹಣೆಗೆ ಮೂರು ಬೆರಳು ಎಳೆದುಕೊಂಡು, ಚಿಟಿಕೆಯಷ್ಟು ನಾಲಿಗೆಗೂ ಹಾಕಿಕೊಂಡುಬಿಟ್ಟಳು. ಬಾಯಿ ತೊಳೆಸಿದೆವು. ಡಾಕ್ಟರು ನಾಡಿ ಹಿಡಿದು ಕೂತರು.

ಮರುದಿನ ನೋಡಿದರೆ, ಅವ್ವಾ, ನೆಲದ ತುಂಬ ಅಗಸೆ ಕಾಳು ಚೆಲ್ಲಿದಂತೆ ಸತ್ತ ತಿಗಣೆ. ಬಿಸಿಲೇರಿದರೂ ಒಬ್ಬರೂ ಎದ್ದಿಲ್ಲ, ಇಡೀ ಪಡಸಾಲೆಯೇ ಗೊರಕೆ ಹೊಡೆಯುತ್ತಿದೆ. ದುರುಗಣ್ಣ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ. ಇಷ್ಟು ಜನ ನೆಮ್ಮದಿಯಿಂದ ಮಲಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಿಂತಲ್ಲೇ ಕೈ ಮುಗಿದೆ, ದೇವರಿಗೋ ಪುಡಿಗೋ ನನಗೇ ತಿಳಿಯದು. ದೊಡ್ಡವ್ವನ ಮಂಚಕ್ಕೆ ಮಾತ್ರ ಕೊನೆಗೆ ಹೋದೆ. ಹೆದರುತ್ತಲೇ ಮೂಗಿನ ಬಳಿ ಬೆರಳಿಟ್ಟೆ. ಉಸಿರಿತ್ತು. ಮಧ್ಯಾಹ್ನ ತಾನೇ ಎದ್ದು, "ಹಸಿವಾಗೈತಿ, ರೊಟ್ಟಿ ಕೊಡು" ಎಂದಳು.

ನೀನು ಒಮ್ಮೆ ಬಂದು ಅವಳನ್ನು ನೋಡಿಕೊಂಡು ಹೋಗು. ನಿನ್ನ ಹಟ ನನಗೆ ಗೊತ್ತು, ಆದರೂ ಕೇಳುತ್ತಿದ್ದೇನೆ.

ನಿನ್ನ ಮಗಳು,
ಪಕ್ಕೀರಮ್ಮ

ತಾ.ಕ.: ಅವಳನ್ನು ಹೇಗೆ ಒಪ್ಪಿಸಿದೆ ಎಂದು ಮೇಲೆ ಬರೆಯಲು ಧೈರ್ಯವಾಗಲಿಲ್ಲ. "ಇದು ಕುರುಗೋಡಿನ ದೊಡ್ಡ ಬಸವಣ್ಣನ ವಿಭೂತಿ, ನಿನ್ನ ತಂಗಿ ಕಳಿಸಿದ್ದಾಳೆ" ಎಂದುಬಿಟ್ಟೆ. ಅದಕ್ಕೇ ನಾಲಿಗೆಗೆ ಹಾಕಿಕೊಂಡಳು. ರೊಟ್ಟಿ ತಿಂದ ಮೇಲೆ, "ಆಕಿ ಸಿಟ್ಟು ಇಳೀತಲ್ಲ, ಇನ್ನ ನಾ ಯಾಕ ಸಾಯ್ಲಿ" ಅಂದಳು. ಬರುವಾಗ ನಿಜವಾದ ವಿಭೂತಿ ತಾ.